ಕೇಳದೆ ಕೊಟ್ಟ ವಿಮರ್ಶೆ

ಪುಸ್ತಕ ವಿಮರ್ಶೆ ನನ್ನ ಹಳೇ ಕಸುಬು. ಕಟುವಾಗಿ ಬರೆಯುತ್ತೇನೆಂಬ ದೂರೂ ಇದೆ. ಆದರೆ ಒಂದೇ ಒಂದು ವಿಮರ್ಶೆಯನ್ನೂ ಲೇಖಕರ ಮನೆಗೆ ಹೋಗಿ ಓದಿ ಹೇಳಿದವಳಲ್ಲ. ನಾನು ಬರೆಯುವುದು, ದುಡ್ಡು ಕೊಟ್ಟು ಆ ಪುಸ್ತಕ ಕೊಳ್ಳಲೋ ಬೇಡವೋ ಎಂದು ನೋಡುತ್ತಿರುವ ಓದುಗರಿಗೆ.

ಫ್ಯಾನ್ ಫಿಕ್ಷನ್‌ನಲ್ಲಿ ಈ ದುಡ್ಡಿನ ಮಾತೇ ಇಲ್ಲ. ಹ್ಯಾರಿ ಪಾಟರ್, ಸ್ಟಾರ್ ಟ್ರೆಕ್ ಹೀಗೆ ಮೆಚ್ಚಿದ ಕಥೆಯ ಪಾತ್ರಗಳನ್ನೇ ಇಟ್ಟುಕೊಂಡು ಅಭಿಮಾನಿಗಳು ಪುಕ್ಕಟೆಯಾಗಿ ಬರೆದುಕೊಳ್ಳುತ್ತಾರೆ. ಇಂಥ ಕಥೆಗಳ ದೊಡ್ಡ ಭಂಡಾರ ‘ಆರ್ಕೈವ್ ಆಫ್ ಅವರ್ ಓನ್’ 2009ರಲ್ಲಿ ತೆರೆಯಿತು. ಜಾಹೀರಾತಿಲ್ಲ, ನಡೆಸುವವರು ಸ್ವಯಂಸೇವಕರು. 2019ರಲ್ಲಿ ಅದಕ್ಕೆ ಸೈನ್ಸ್ ಫಿಕ್ಷನ್ ಲೋಕದ ಹ್ಯೂಗೋ ಪ್ರಶಸ್ತಿಯೂ ಬಂತು. ಅಲ್ಲಿ ಕಥೆ ಹಿಡಿಸಿದರೆ ಒತ್ತಲು ‘ಕುಡೋಸ್’ ಗುಂಡಿ ಇದೆ; ಹಿಡಿಸಲಿಲ್ಲ ಎನ್ನಲು ಗುಂಡಿಯಿಲ್ಲ. ಇದನ್ನು ಹೇಳಿದರೆ ನನ್ನ ಕಸುಬಿನವರು ಮೂಗು ಮುರಿಯುತ್ತಾರೆ: ಬರೀ ಹೊಗಳಿಕೆಯಿಂದ ಯಾರಾದರೂ ಬೆಳೆಯುತ್ತಾರೆಯೇ?

ಬೆಳೆಸಿ ಅಂತ ಅವರು ನಿಮ್ಮನ್ನು ಕೇಳಿದರೇ?

ನನ್ನ ಅಣ್ಣನ ಮಗಳು ಡಿಗ್ರಿ ಪರೀಕ್ಷೆಯ ಗಡಿಬಿಡಿಯಲ್ಲೂ ರಾತ್ರಿ ಕೂತು ಹ್ಯಾರಿ ಪಾಟರ್ ಕಥೆಯ ರೀಮಸ್ ಲೂಪಿನ್ ಮೇಲೆ ಇಂಗ್ಲಿಷಿನಲ್ಲಿ ಧಾರಾವಾಹಿ ಬರೆಯುತ್ತಿದ್ದಳು. ಗುರುತು ಪರಿಚಯವಿಲ್ಲದ ಯಾರೋ ಒಬ್ಬರು ತಪ್ಪುಗಳ ಉದ್ದನೆಯ ಪಟ್ಟಿ ಕಳಿಸಿದರು. ಲೂಪಿನ್ ಹೀಗೆ ಮಾತಾಡುವವನೇ ಅಲ್ಲವಂತೆ, ಟೆನ್ಸ್ ಹದಗೆಟ್ಟಿದೆಯಂತೆ, ನಿರೂಪಣೆ ಜಾಳಂತೆ. ಕಥೆ ಓದಿ ನೋಡಿದೆ. ಪಟ್ಟಿಯಲ್ಲಿ ಮುಕ್ಕಾಲು ಪಾಲು ನಿಜವೇ. ಆದರೂ ಅದು ಶುದ್ಧ ಅಧಿಕಪ್ರಸಂಗ. ಆರತಿ ಹಾಡು ಹೇಳುತ್ತಿರುವ ಪಕ್ಕದ ಮನೆಯಾಕೆಗೆ ‘ಶ್ರುತಿ ತಪ್ಪಿತು’ ಎಂದು ಯಾರೂ ಹೇಳುವುದಿಲ್ಲವಲ್ಲ. ಹುಡುಗಿ ಧಾರಾವಾಹಿ ನಿಲ್ಲಿಸಿದಳು.

ಹಾಗಂತ ಇಂಥ ಕಥೆಗಳನ್ನು ಯಾರೂ ಟೀಕಿಸಲೇಬಾರದು ಎಂದಲ್ಲ. 1973ರಲ್ಲಿ ಪಾಲಾ ಸ್ಮಿತ್ ಎಂಬಾಕೆ ‘ಮೆನಾಜರಿ’ ಎಂಬ ಸ್ಟಾರ್ ಟ್ರೆಕ್ ಅಭಿಮಾನಿ ಪತ್ರಿಕೆಯಲ್ಲಿ ಪುಟ್ಟದೊಂದು ಅಣಕು ಕಥೆ ಬರೆದಳು. ನಾಯಕಿ ಮೇರಿ ಸೂ. ವಯಸ್ಸು ಹದಿನೈದೂವರೆ, ಇಡೀ ಪಡೆಯಲ್ಲೇ ಕಿರಿಯ ಲೆಫ್ಟಿನೆಂಟ್, ಕಂಡವರೆಲ್ಲ ಮರುಳಾಗುವಷ್ಟು ಜಾಣೆ. ಆಗ ಅಂಥ ಕಥೆಗಳು ರಾಶಿ ಬೀಳುತ್ತಿದ್ದವು. ಸ್ಮಿತ್ ಯಾರೊಬ್ಬರ ಹೆಸರನ್ನೂ ಎತ್ತದೆ ಒಂದು ಚಾಳಿಯನ್ನು ಓದುಗರ ಮುಂದೆ ನಗೆಗೀಡು ಮಾಡಿದಳು. ವಿಮರ್ಶೆಯೆಂದರೆ ಹೀಗಿರಬೇಕು. ಆದರೆ ಮುಂದೆ ಜನ ಅದೇ ಹೆಸರನ್ನು ಒಬ್ಬೊಬ್ಬ ಬರಹಗಾರ್ತಿಯ ಮುಖಕ್ಕೇ ಹೇಳತೊಡಗಿದರು. ಕಥೆಯಲ್ಲೊಬ್ಬಳು ಚುರುಕು ಹುಡುಗಿ ಕಂಡರೆ ಸಾಕು, ಮೇರಿ ಸೂ! ಕೊನೆಕೊನೆಗೆ ಹೆಣ್ಣು ಪಾತ್ರ ಬರೆಯಲಿಕ್ಕೇ ಹಿಂಜರಿದವರಿದ್ದರು.

ತಿದ್ದಿಸಿಕೊಳ್ಳಬೇಕೆನ್ನುವವರಿಗೆ ದಾರಿ ಇದ್ದೇ ಇದೆ. ಪ್ರಕಟಿಸುವ ಮೊದಲೇ ‘ಬೀಟಾ’ ಎಂಬ ಓದುಗರನ್ನು ಹಿಡಿದು ಕರಡು ಕೊಡುತ್ತಾರೆ. ಇನ್ನು ಕೆಲವರು ಕಥೆಯ ತಲೆಯಲ್ಲೇ ‘ತಪ್ಪಿದ್ದರೆ ಧಾರಾಳವಾಗಿ ಹೇಳಿ’ ಎಂದು ಬರೆಯುತ್ತಾರೆ. ಅಲ್ಲಿ ನಾನೂ ಧಾರಾಳಿ.

ಅಣ್ಣನ ಮಗಳು ಈಗ ಹೊಸ ಕಥೆ ಶುರು ಮಾಡಿದ್ದಾಳೆ. ಮೇಲೆ ‘ಸ್ಪೆಲಿಂಗ್ ತಪ್ಪಿದ್ದರೆ ಮಾತ್ರ ತಿಳಿಸಿ’ ಎಂದು ಹಾಕಿದ್ದಾಳೆ. ಸಿಕ್ಕಿದ ಸ್ಪೆಲಿಂಗ್ ತಪ್ಪುಗಳನ್ನು ತಿಳಿಸಿದೆ. ಎರಡನೇ ಅಧ್ಯಾಯ ಓದುವಾಗ ಆಕಳಿಕೆ ಬಂದದ್ದನ್ನು ತಿಳಿಸಿಲ್ಲ.