ಅವಳು ಕೇಳುವ ಮಾತಿನಲ್ಲೇ ಉತ್ತರ ಬರೆಯೋಣ

ಸಂಘದ ಅಕ್ಕತಂಗಿಯರೇ,

ಗೋಡೆಯ ಮೇಲೆ, ಕರೆಂಟು ಕಂಬದ ಮೇಲೆ ಜ್ಯೋತಿಷಿಗಳು ಅಂಟಿಸುವ ಚೀಟಿಗಳನ್ನು ನೀವೆಲ್ಲ ಕಂಡಿದ್ದೀರಿ. ಗಂಡ ಹೆಂಡತಿ ಜಗಳ, ಅತ್ತೆ ಸೊಸೆ ಕಿರಿಕಿರಿ, ವಶೀಕರಣ, ಫೋನಿನಲ್ಲೇ ಪರಿಹಾರ! ಆ ಚೀಟಿ ಈಗ ಮೊಬೈಲಿನೊಳಕ್ಕೂ ಬಂದಿದೆ. ನೊಂದ ಹೆಣ್ಣು ತನ್ನ ಕಷ್ಟವನ್ನು ಗೂಗಲ್‌ನಲ್ಲಿ ಹುಡುಕಿದರೆ ಕಾನೂನಿಗಿಂತ ಮೊದಲು ಮಂತ್ರವಾದಿಯೇ ಎದುರಾಗಬಹುದು. ಇದಕ್ಕೆ ಒಂದು ಕಾರಣ, ಅವನು ಅವಳ ಮಾತಿನಲ್ಲಿ ಬರೆದಿದ್ದಾನೆ, ನಾವು ಬರೆದಿಲ್ಲ.

ನಾವು ಬರೆಯುವುದು ಹೀಗೆ: 'ಕೌಟುಂಬಿಕ ದೌರ್ಜನ್ಯಕ್ಕೊಳಗಾದ ಸಂತ್ರಸ್ತ ಮಹಿಳೆಯರಿಗೆ ಲಭ್ಯವಿರುವ ಕಾನೂನಾತ್ಮಕ ಪರಿಹಾರಗಳು.' ಏಟು ತಿಂದು ಕೂತವಳು ಹೀಗೆ ಕೇಳುತ್ತಾಳೆಯೇ? 'ಗಂಡ ದಿನಾ ಹೊಡೀತಾನೆ, ಏನು ಮಾಡಲಿ?' 'ಮನೆಯಿಂದ ಆಚೆ ಹಾಕಿದ್ದಾರೆ, ಎಲ್ಲಿಗೆ ಹೋಗಲಿ?' ಅವಳ ಪ್ರಶ್ನೆ ಇಷ್ಟೇ. ಆ ಪ್ರಶ್ನೆಗೂ ನಮ್ಮ ಉತ್ತರಕ್ಕೂ ಮಧ್ಯೆ ಇರುವ ದೂರವನ್ನು ಕಡಿಮೆ ಮಾಡುವ ಕೆಲಸವನ್ನೇ ಕಂಪ್ಯೂಟರ್ ಬಲ್ಲವರು ಎಸ್‌ಇಒ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಿಲ್ಲ. ಒಕ್ಕೂಟದ ವೆಬ್‌ಸೈಟಿಗೆ ಬರೆಯಲು ಕೂರುವ ಯಾವ ಹೆಣ್ಣುಮಗಳೂ ಇದನ್ನು ಕಲಿಯಬಹುದು.

ಗೂಗಲ್‌ನಂತಹ ಯಂತ್ರ ಪುಟಗಳನ್ನೆಲ್ಲ ಮೊದಲೇ ಓದಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಕೇಳಿದಾಗ ಆ ಪಟ್ಟಿಯಿಂದ ಹತ್ತಿರದ್ದನ್ನು ಎತ್ತಿಕೊಡುತ್ತದೆ. ಆದ್ದರಿಂದ ಪುಟದ ತಲೆಬರಹ ಬಸ್ಸಿನ ಬೋರ್ಡಿದ್ದಂತೆ. 'ಮಳವಳ್ಳಿ' ಎಂಬ ಬೋರ್ಡು ಕಂಡರೆ ತಾನೇ ಜನ ಹತ್ತುವುದು? 'ಮಾಹಿತಿ ಪುಟ' ಎಂದು ಬರೆದರೆ ಯಾರೂ ಹತ್ತುವುದಿಲ್ಲ. 'ಗಂಡನ ಮನೆಯವರು ಹೊರಗೆ ಹಾಕಿದರೆ ಏನು ಮಾಡಬೇಕು? ಮದ್ದೂರು ತಾಲೂಕು' ಎಂದು ಬರೆಯಿರಿ. ಒಂದು ಪುಟಕ್ಕೆ ಒಂದೇ ಪ್ರಶ್ನೆ ಸಾಕು. ಉತ್ತರ ಮೊದಲ ಸಾಲುಗಳಲ್ಲೇ ಇರಲಿ: 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಮನೆ ನಿನ್ನ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿನಗಿದೆ, ಮನೆ ಅತ್ತೆ ಮಾವನದಾದರೂ ಈ ಹಕ್ಕು ಕೇಳಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಊರಿನ ಹೆಸರು ಮರೆಯಬೇಡಿ. ಭಾರತೀನಗರ ಎಂದರೂ ಕೆ.ಎಂ. ದೊಡ್ಡಿ ಎಂದರೂ ಒಂದೇ ಊರು, ಎರಡನ್ನೂ ಬರೆಯಿರಿ. ಕಾನೂನಿಗೂ ಹೀಗೆ ಎರಡು ಹೆಸರುಗಳಿವೆ. ಗಂಡ ಮತ್ತು ಅವನ ಕಡೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ 1983ರಲ್ಲಿ ಬಂತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಿವೆ. ಜನರ ಬಾಯಲ್ಲಿ ಇನ್ನೂ 498ಎ ಇದೆ. ಹಳೆಯದನ್ನು ಬಿಟ್ಟರೆ ಅವಳಿಗೆ ಪುಟ ಸಿಗದು, ಹೊಸದನ್ನು ಬಿಟ್ಟರೆ ಠಾಣೆಯಲ್ಲಿ ತಡಬಡಾಯಿಸುತ್ತಾಳೆ. 'ಸಂರಕ್ಷಣಾಧಿಕಾರಿ' ಎಂದು ಬರೆದು ಸುಮ್ಮನಾಗಬೇಡಿ. ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ ಅವರೇ ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ಎಂದೂ ಸೇರಿಸಿ.

ಇನ್ನೊಂದು ತೊಡಕು ಕನ್ನಡಕ್ಕೇ ಸೇರಿದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದು ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲೇ ಬರೆಯಬೇಕು. ಕರಪತ್ರದ ಫೋಟೋ ತೆಗೆದು ಹಾಕಿದರೆ ಕೆಲಸ ಮುಗಿಯಲಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112, ಉಚಿತ ಕಾನೂನು ನೆರವಿಗೆ 15100, ಇವನ್ನು ಅಕ್ಷರವಾಗಿಯೇ ಬರೆದರೆ ಮುಟ್ಟಿದ ಕೂಡಲೇ ಕರೆ ಹೋಗುವಂತೆ ಮಾಡಬಹುದು. ಒಂದೇ ಮಾತನ್ನು ನಲವತ್ತು ಸಲ ತುರುಕಿದರೆ ಪುಟ ಮೇಲೆ ಬರುತ್ತದೆಂಬ ಆಸೆ ಬೇಡ. ಗೂಗಲ್ ಅದನ್ನು ಮೋಸವೆಂದೇ ಎಣಿಸುತ್ತದೆ.

ಇಷ್ಟು ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಫೋನು ಗಂಡನ ಕೈಯಲ್ಲಿದೆ. ಹೆಂಡತಿ ಏನು ಹುಡುಕಿದಳೆಂಬುದು ಅದರಲ್ಲಿ ಉಳಿದಿರುತ್ತದೆ, ಅದೇ ಮತ್ತೊಂದು ಹೊಡೆತಕ್ಕೆ ಕಾರಣವಾದೀತು. ಹುಡುಕಿದ್ದನ್ನು ಅಳಿಸುವುದು ಹೇಗೆಂದು ಪ್ರತಿ ಪುಟದ ತಲೆಯಲ್ಲೇ ಎರಡು ಸಾಲು ಬರೆಯಿರಿ. ಸಾಧ್ಯವಾದರೆ ನೆರೆಮನೆಯವಳ ಅಥವಾ ಸಂಘದ ಫೋನಿನಿಂದ ನೋಡು ಎಂದೂ ಹೇಳಿ.

ಹೀಗೆ ಬರೆದರೆ ಭಾಷೆಯ ಘನತೆ ಹೋಗುತ್ತದೆ ಎನ್ನುವವರಿದ್ದಾರೆ. ಬೇಕಾದವಳಿಗೆ ತಲುಪದ ಭಾಷೆಗೆ ಎಂಥ ಘನತೆ? ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅರವತ್ತು ವರ್ಷ ದಾಟಿದರೂ ಅದು ಅನೇಕ ಹೆಣ್ಣುಮಕ್ಕಳಿಗೆ ತಲುಪಿಲ್ಲ. ಪುರುಷಪ್ರಧಾನ ವ್ಯವಸ್ಥೆಯ ಜೊತೆಗೆ, ಅವಳಿಗೆ ಅರ್ಥವಾಗದಂತೆ ಬರೆದ ನಮ್ಮ ಕಾಗದಗಳೂ ಇದಕ್ಕೆ ಹೊಣೆ.

ವೆಬ್‌ಸೈಟು ಸಂಘಕ್ಕೆ ಬದಲಿಯಲ್ಲ, ಸಂಘದ ಬಾಗಿಲಿಗೆ ದಾರಿ ತೋರಿಸುವ ಕೈಮರ ಮಾತ್ರ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಎತ್ತಿಡಿ. ಕಷ್ಟ ಬಂದರೆ ಫೋನಿಗೆ ಏನೆಂದು ಕೇಳುತ್ತೀಯೆ ಎಂದು ಒಬ್ಬೊಬ್ಬರನ್ನೂ ಕೇಳಿ. ಅವರ ಬಾಯಿಂದ ಬಂದ ಮಾತನ್ನು ತಿದ್ದದೆ ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಆ ಪ್ರಶ್ನೆಗಳೇ ನಿಮ್ಮ ಪುಟಗಳ ತಲೆಬರಹಗಳಾಗಲಿ.