ಕಲ್ಲಿಗಿಂತ ಎಡೆ ದೊಡ್ಡದು

ಮನೆ ಕಟ್ಟುವವನಿಗೆ ಕಲ್ಲಿನ ಚಿಂತೆ. ಮನೆಯಲ್ಲಿ ಬಾಳುವವರಿಗೆ ಎಡೆಯ ಚಿಂತೆ. ಗೋಡೆಯ ದಪ್ಪವೆಷ್ಟು, ಎತ್ತರವೆಷ್ಟು ಎಂದು ಮೇಸ್ತ್ರಿ ಅಳೆಯುತ್ತಾನೆ. ಗಾಳಿ ಎತ್ತಣಿಂದ ಬರುವುದು, ಮಕ್ಕಳು ಎಲ್ಲಿ ಕುಳಿತು ಓದುವುದು, ಬಂದ ನೆಂಟರು ಎಲ್ಲಿ ಮಲಗುವುದು ಎಂದು ಮನೆಯಾಕೆ ಅಳೆಯುತ್ತಾಳೆ. ಈ ಎರಡು ಅಳತೆಗಳಲ್ಲಿ ಯಾವುದು ಹಿರಿದೆಂಬ ವಾದವು ಮನೆಗಳಷ್ಟೇ ಹಳೆಯದು. ಆ ವಾದಕ್ಕೆ ತಕ್ಕ ತೀರ್ಪು ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದರಲ್ಲಿ ದೊರೆಯುವುದೆಂದರೆ ಓದುಗರು ನಕ್ಕಾರು. ನಗಲಿ, ಅಡ್ಡಿಯಿಲ್ಲ, ಈ ವಾರ ನಾನು ಹೇಳಹೊರಟಿರುವುದು ಆ ತೊಟ್ಟಿಯ ಮಾತನ್ನೇ.

ತೊಟ್ಟಿಯೆಂದೊಡನೆ ಕಿತ್ತಳೆ ಬಣ್ಣದ ಎರಡು ಮೀನು, ಪ್ಲಾಸ್ಟಿಕ್ಕಿನ ಹಸಿರು ಗಿಡ, ಬಾಯಿಂದ ಗುಳ್ಳೆ ಬಿಡುವ ಒಂದು ಬೊಂಬೆ ಕಣ್ಣಮುಂದೆ ಬರುವುದು ಸಹಜ. ಇದು ಆ ಜಾತಿಯದಲ್ಲ. ಇದು ಉಪ್ಪುನೀರಿನ ತೊಟ್ಟಿ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆತ, ಉಗುರುಬೆಚ್ಚಗಿನ, ಎಡೆಬಿಡದೆ ಚಲಿಸುವ ನೀರು. ಇದರಲ್ಲಿ ಮೀನಿಗೆ ಎರಡನೆಯ ಪಾತ್ರ, ನಾಯಕಪಾತ್ರ ಹವಳದ್ದು. ನವರತ್ನಗಳ ಸಾಲಿನಲ್ಲಿ ಕುಳಿತು ಉಂಗುರವೇರಿದುದರಿಂದ ಹವಳವನ್ನು ನಾವು ಕಲ್ಲೆಂದೇ ನಂಬಿದ್ದೇವೆ. ಉಂಗುರದ ಕೆಂಪು ಹವಳದ ಕುಲ ಬೇರೆ, ದಿಬ್ಬ ಕಟ್ಟುವ ಹವಳದ ಕುಲ ಬೇರೆ. ಆದರೆ ಎರಡೂ ಪ್ರಾಣಿಗಳು ಕಟ್ಟಿದ ಗೂಡುಗಳೇ. ಹೂವಿನಂತಹ ಬಾಯುಳ್ಳ ಸಾವಿರಾರು ಪುಟ್ಟ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ತಮ್ಮ ಅಡಿಯಲ್ಲಿ ಸುಣ್ಣದ ಆಸನವನ್ನು ಕಟ್ಟುತ್ತ ಹೋಗುತ್ತವೆ. ತಲೆಮಾರಿನ ಮೇಲೆ ತಲೆಮಾರು ಕಳೆದು, ಗೂಡಿನ ಮೇಲೆ ಗೂಡು ಬೆಳೆದು, ಸಮುದ್ರದಲ್ಲಿ ಹವಳದ ದಿಬ್ಬವಾಗುತ್ತದೆ. ಅಂಥ ದಿಬ್ಬದ ಪ್ರತಿಕೃತಿಯೊಂದನ್ನು ಮನೆಯ ಹಜಾರದಲ್ಲಿ ಬೆಳೆಸುವ ಹವ್ಯಾಸವು ಇಂದು ಹಲವು ದೇಶಗಳಲ್ಲಿ ಹಬ್ಬಿದೆ. ಅದರ ಮೊದಲ ಪಾಠ ಮೀನು ಕೊಳ್ಳುವುದಲ್ಲ, ಕಲ್ಲು ಜೋಡಿಸುವುದು.

ಈ ಪಾಠಕ್ಕೆ ಒಂದು ಚರಿತ್ರೆಯೂ ಉಂಟು. ಹಿಂದೆ ಸಮುದ್ರದ ಮೀನು ಸಾಕುತ್ತಿದ್ದವರು ಸತ್ತ ಹವಳದ ಗೂಡುಗಳನ್ನು ತಂದು, ಬ್ಲೀಚಿಂಗ್ ನೀರಿನಲ್ಲಿ ನೆನೆಸಿ, ಉಜ್ಜಿ ತೊಳೆದು, ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿಸಿ ತೊಟ್ಟಿಯಲ್ಲಿಡುತ್ತಿದ್ದರು. ಸ್ವಲ್ಪ ಪಾಚಿ ಹತ್ತಿತೋ, ಮತ್ತೆ ಹೊರತೆಗೆದು ಮಡಿ ಮಾಡುವುದು. ಅಲ್ಲಿ ಕಲ್ಲು ಬರಿಯ ಅಲಂಕಾರ. 1961ರಲ್ಲಿ ಇಂಡೊನೇಷ್ಯದ ಜಕಾರ್ತದ ಲೀ ಚಿನ್ ಎಂಗ್ ಎಂಬಾತನು ಅಮೆರಿಕದ ಹವ್ಯಾಸಿಗಳ ಮಾಸಪತ್ರಿಕೆಯೊಂದರಲ್ಲಿ ಲೇಖನ ಬರೆದು ಈ ಮಡಿಯನ್ನು ಮುರಿದನು. ಆತನು ಕಲ್ಲನ್ನು ಶುದ್ಧ ಮಾಡುವ ಗೋಜಿಗೇ ಹೋಗಲಿಲ್ಲ. ಸಮುದ್ರದ ಕಲ್ಲು ತನ್ನ ಪಾಚಿ, ಹುಳು, ಸ್ಪಂಜುಗಳ ಪರಿವಾರದೊಡನೆ ಹಾಗೆಯೇ ತೊಟ್ಟಿಗಿಳಿಯಿತು. ಜೊತೆಗೆ ಸಮುದ್ರದ ನೀರು, ಬಿಸಿಲು, ಒಂದಿಷ್ಟು ಗಾಳಿಯ ಗುಳ್ಳೆ. ಇಷ್ಟೇ ಆತನ ಸಲಕರಣೆ. ಅಂಥ ಕಲ್ಲಿಗೆ ಹವ್ಯಾಸಿಗಳು ಲೈವ್ ರಾಕ್ ಎನ್ನುತ್ತಾರೆ. ನಾವು ಜೀವಶಿಲೆ ಎನ್ನೋಣ.

ಕಲ್ಲಿಗೆ ಜೀವವೆಲ್ಲಿಂದ ಬಂತು? ಅದರ ರಂಧ್ರಗಳಿಂದ. ಹವಳದ ಸುಣ್ಣಕಲ್ಲು ಇಡ್ಲಿಯಂತೆ ತೂತುತೂತಾಗಿರುತ್ತದೆ. ಮೀನಿನ ಮಲಮೂತ್ರಗಳಿಂದಲೂ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಲ್ಲಿನ ಹೊರಮೈಯಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಆ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಆಮ್ಲಜನಕವು ವಿರಳವಾಗಿರುವ ಒಳತೂತುಗಳಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಗಳಿದ್ದು ಅವು ನೈಟ್ರೇಟನ್ನು ಒಡೆದು ಸಾರಜನಕದ ಅನಿಲವಾಗಿ ಬಿಟ್ಟುಕೊಡುತ್ತವೆ. ಹೀಗೆ ಒಂದೇ ಕಲ್ಲು ಅಡುಗೆಮನೆಯ ಕಸವನ್ನು ತಾನೇ ಗುಡಿಸಿ, ತಾನೇ ಹೊರಗೆ ಹಾಕುವ ಮೂಕ ಸೇವಕ. ಮುಂದೆ ಬರ್ಲಿನ್ ನಗರದ ಹವ್ಯಾಸಿಗಳು ಈ ಕಲ್ಲಿನೊಡನೆ ಪ್ರಖರವಾದ ದೀಪವನ್ನೂ ನೀರಿನ ನೊರೆಯೊಡನೆ ಕೊಳೆಯನ್ನು ಎತ್ತಿ ತೆಗೆಯುವ ಯಂತ್ರವನ್ನೂ ಸೇರಿಸಿದರು. ಹವಳವು ಮನೆಯ ತೊಟ್ಟಿಯಲ್ಲಿ ವರ್ಷಗಟ್ಟಲೆ ಬಾಳಿ ಬೆಳೆಯುವುದು ಇದರಿಂದ ಸಾಧ್ಯವಾಯಿತು.

ಕಲ್ಲು ಇಷ್ಟು ಉಪಕಾರಿಯೆಂದು ತಿಳಿದ ಮೇಲೆ ಮನುಷ್ಯ ಮಾಡುವುದೇನು? ಇನ್ನಷ್ಟು ಕಲ್ಲು ತರುತ್ತಾನೆ. ಒಂದು ಗ್ಯಾಲನ್ ನೀರಿಗೆ ಒಂದರಿಂದ ಎರಡು ಪೌಂಡು ಕಲ್ಲು ಎಂಬ ಲೆಕ್ಕವು ಬಹುಕಾಲ ವೇದವಾಕ್ಯದಂತೆ ನಡೆಯಿತು. ಆ ಲೆಕ್ಕದಂತೆ ಕಲ್ಲು ತಂದವರು ಅದನ್ನು ಹಿಂದಿನ ಗಾಜಿಗೆ ಒರಗಿಸಿ ಈ ತುದಿಯಿಂದ ಆ ತುದಿಯವರೆಗೆ ಪೇರಿಸಿದರು. ನೋಡಲು ಹೊಲದ ಬದುವಿನ ಕಲ್ಲುಗೋಡೆ. ಗೋಡೆಯ ಹಿಂದೆ ನೀರು ಚಲಿಸಲಿಲ್ಲ. ನೀರು ನಿಂತಲ್ಲಿ ಕೊಳೆ ತಂಗಿತು. ಕೊಳೆ ತಂಗಿದಲ್ಲಿ ಆ ಮೂಕ ಸೇವಕನ ಉಸಿರು ಕಟ್ಟಿತು. ಮೀನಿಗೆ ಸುತ್ತಾಡಲು ಗೋಡೆಯ ಮುಂದಿನ ಒಂದು ಓಣಿ ಮಾತ್ರ ಉಳಿಯಿತು. ಬೆದರಿದ ಮೀನು ಗೋಡೆಯ ಸಂದಿನಲ್ಲಿ ಹೊಕ್ಕು ಸತ್ತರೆ ಅದನ್ನು ತೆಗೆಯುವುದಕ್ಕೂ ದಾರಿಯಿಲ್ಲ. ಕಲ್ಲು ಹೆಚ್ಚಿದಷ್ಟೂ ತೊಟ್ಟಿ ಕಿರಿದಾಯಿತು. ಈಗಿನ ನಿಪುಣರು ಹಳೆಯ ಲೆಕ್ಕವನ್ನು ಬಿಟ್ಟಿದ್ದಾರೆ. ಹಗುರವಾದ, ರಂಧ್ರಗಳು ಹೆಚ್ಚಾಗಿರುವ ಕೆಲವೇ ಕಲ್ಲು ಸಾಕು, ನೀರು ಅದನ್ನು ಎಲ್ಲ ಕಡೆಯಿಂದಲೂ ಬಳಸಿ ಹರಿಯಬೇಕು ಎಂಬುದು ಅವರ ಮತ.

ಸಮುದ್ರದ ಪದ್ಧತಿಯೂ ಇದೇ. ತೆರೆಗಳಿಗೆ ಎದೆಯೊಡ್ಡಿ ನಿಂತ ಹವಳದ ದಿಬ್ಬವನ್ನು ನೋಡಿದರೆ ಅದು ಅಖಂಡವಾದ ಕೋಟೆಗೋಡೆಯಲ್ಲ. ಕೈಬೆರಳುಗಳನ್ನು ಅಗಲಿಸಿ ಇಟ್ಟಂತೆ ಏಣುಗಳು; ಏಣು ಏಣುಗಳ ನಡುವೆ ಮರಳು ಹಾಸಿದ ಕಾಲುವೆಗಳು. ತೆರೆಯ ರಭಸವು ಈ ಕಾಲುವೆಗಳಲ್ಲಿ ಹಂಚಿಹೋಗಿ ತಗ್ಗುತ್ತದೆ. ಒಡೆದ ಚೂರುಗಳೂ ಮರಳೂ ಅವುಗಳ ಮೂಲಕವೇ ಹೊರಸಾಗುತ್ತವೆ. ಅಲ್ಲದೆ ದಿಬ್ಬದ ತುಂಬ ಗವಿ, ಕಮಾನು, ಪೊಟರೆ. ಹಗಲು ಅಡಗುವವರಿಗೆ ಹಗಲಿನ ಮನೆ, ರಾತ್ರಿ ಅಡಗುವವರಿಗೆ ರಾತ್ರಿಯ ಮನೆ. ಒಂದೇ ಪೊಟರೆ ಎರಡು ಪಾಳಿಯಲ್ಲಿ ಇಬ್ಬರಿಗೆ ಒದಗುವುದೂ ಉಂಟು. ಕಲ್ಲು ದಿಬ್ಬದ ಮೈಯಾದರೆ ಎಡೆಯೇ ಅದರ ಸಂಸಾರ.

ಇನ್ನು ಜೋಡಣೆಯ ಕ್ರಮ. ಕೆಲಸವನ್ನು ನೀರು ತುಂಬುವ ಮೊದಲೇ ಮಾಡಬೇಕು. ತೊಟ್ಟಿಯ ತಳದ ಅಳತೆಯನ್ನು ನೆಲದ ಮೇಲೆ ಗುರುತು ಹಾಕಿಕೊಂಡು, ಅದರೊಳಗೆ ಕಲ್ಲುಗಳನ್ನು ನಾಲ್ಕಾರು ವಿಧವಾಗಿ ಜೋಡಿಸಿ ನೋಡುವುದು ಜಾಣತನ. ಅಡಿಗಲ್ಲು ತೊಟ್ಟಿಯ ತಳದ ಮೇಲೆಯೇ ಕೂರಬೇಕು; ಮರಳನ್ನು ಆಮೇಲೆ ಸುತ್ತ ಸುರಿಯಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಅಪಾಯ. ಏಕೆಂದರೆ ಬಿಲ ತೋಡುವ ಜೀವಿಗಳಿಗೆ ನಮ್ಮ ವಾಸ್ತುಶಾಸ್ತ್ರ ತಿಳಿಯದು. ಒಂದು ಜಾತಿಯ ಸಿಗಡಿಯುಂಟು. ಕಣ್ಣು ಬಲು ಮಂದ, ಆದರೆ ಅಗೆಯುವುದರಲ್ಲಿ ಎತ್ತಿದ ಕೈ. ಅದರ ಬಿಲದ ಬಾಯಲ್ಲಿ ಗೋಬಿ ಎಂಬ ಪುಟ್ಟ ಮೀನು ಕಾವಲು ನಿಲ್ಲುತ್ತದೆ. ಸಿಗಡಿ ಹೊರಬಂದಾಗ ತನ್ನ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ. ಮೀನು ಬಾಲ ಅಲುಗಿಸಿತೆಂದರೆ ಇಬ್ಬರೂ ಒಳಗೆ. ಕುರುಡನಿಗೂ ಕಾವಲುಗಾರನಿಗೂ ಇರುವ ಈ ಸ್ನೇಹ ಕಣ್ಣಿಗೆ ಹಬ್ಬ. ಆದರೆ ಅವರು ಅಗೆದ ಮರಳಿನ ಮೇಲೆ ಕಲ್ಲು ನಿಂತಿದ್ದರೆ ಒಂದು ರಾತ್ರಿ ಅದು ಕುಸಿಯುವುದು ಖಂಡಿತ. ಕುಸಿದ ಕಲ್ಲು ಬಿಲದವರನ್ನು ಕೊಂದೀತು. ಗಾಜಿಗೆ ಬಡಿದರೆ ಇಡೀ ಸಮುದ್ರವೇ ಹಜಾರಕ್ಕೆ ಹರಿದೀತು.

ಆದುದರಿಂದ ಪ್ರತಿಯೊಂದು ಕಲ್ಲೂ ಒಲೆಯ ಮೇಲಿನ ಪಾತ್ರೆಯಂತೆ ಮೂರು ಕಡೆ ಊರಿ ನಿಲ್ಲಬೇಕು. ಕೈಯಿಂದ ಅಲುಗಿಸಿದರೆ ಕದಲಬಾರದು. ಕಮಾನು ಕಟ್ಟುವಾಗ ಕಲ್ಲಿಗೆ ತೂತು ಕೊರೆದು ಅಕ್ರಿಲಿಕ್ ಕಡ್ಡಿ ಪೋಣಿಸುವುದೂ ಇಪಾಕ್ಸಿ ಅಂಟಿನಿಂದ ಬೆಸೆಯುವುದೂ ರೂಢಿ. ಸಾಮಾನ್ಯ ಕಬ್ಬಿಣವನ್ನು ಮಾತ್ರ ಬಳಸಬಾರದು, ಉಪ್ಪುನೀರು ಅದನ್ನು ತಿಂದುಬಿಡುತ್ತದೆ. ನಾಲ್ಕೂ ಗಾಜುಗಳಿಂದ ಕಲ್ಲು ಅಂಗೈಯಗಲವಾದರೂ ದೂರವಿರಲಿ. ಗಾಜು ಒರೆಸುವ ಕೈಗೂ ಹರಿಯುವ ನೀರಿಗೂ ಅಷ್ಟು ದಾರಿ ಬೇಕು.

ಕಲ್ಲು ನಿಂತ ಮೇಲೆ ಹವಳಕ್ಕೆ ನಿವೇಶನ ಹಂಚುವ ಪ್ರಶ್ನೆ. ದಿಬ್ಬದ ಹವಳಗಳಲ್ಲಿ ಬಹುಪಾಲಿನವು ತಮ್ಮ ಮೈಯೊಳಗೆ ಸೂಕ್ಷ್ಮವಾದ ಪಾಚಿಯನ್ನು ಸಾಕಿಕೊಂಡು, ಅದು ಬೆಳಕಿನಲ್ಲಿ ಬೇಯಿಸಿದ ಅಡುಗೆಯನ್ನು ಉಣ್ಣುತ್ತವೆ. ಹೆಚ್ಚು ಬೆಳಕು ಬೇಡುವವನ್ನು ಮೇಲಿನ ಜಗಲಿಯಲ್ಲಿಯೂ ನೆರಳು ಸಹಿಸುವವನ್ನು ಕೆಳಗೂ ಇಡಬೇಕು. ಅದಕ್ಕಿಂತ ಮುಖ್ಯವಾದುದು ನೆರೆಹೊರೆಯ ಅಂತರ. ಹವಳಗಳು ಶಾಂತಮೂರ್ತಿಗಳೆಂದು ಭಾವಿಸಿದವರು ಅವುಗಳ ರಾತ್ರಿಯ ನಡತೆಯನ್ನು ಕಂಡಿಲ್ಲ. ಜುಡಿತ್ ಲ್ಯಾಂಗ್ ಎಂಬ ವಿದುಷಿಯು ಜಮೈಕದ ಹವಳಗಳನ್ನು ಪರೀಕ್ಷಿಸಿ 1970ರ ದಶಕದ ಮೊದಲಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಒಂದು ಹವಳವು ತನ್ನ ಜಠರದ ಎಳೆಗಳನ್ನು ಹೊರಚಾಚಿ, ಮುಟ್ಟಲು ಬಂದ ನೆರೆಯ ಹವಳವನ್ನು ಅದು ಇದ್ದಲ್ಲಿಯೇ ಜೀರ್ಣಿಸಿಕೊಳ್ಳಬಲ್ಲದು. ಅಂಗೈಯಷ್ಟು ಜಾಗಕ್ಕಾಗಿ ಇಂಥ ದಾಯಾದಿ ಕಲಹ! ಬೇಗ ಬೆಳೆಯುವ ಕವಲುಹವಳವು ಸಮುದ್ರದಲ್ಲಿ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ನೀಳುವುದುಂಟು. ಗುಂಡುಹವಳವು ಸುಮಾರು 1 ಸೆಂಟಿಮೀಟರು. ಇಂದು ಬೆರಳುದ್ದವಾಗಿರುವುದಕ್ಕೆ ಐದು ವರ್ಷದ ಮುಂದಿನ ಮೈಯನ್ನು ನೆನೆದು ಎಡೆ ಬಿಡಬೇಕು. ಮಕ್ಕಳಿಗೆ ಅಂಗಿ ಹೊಲಿಸುವ ತಾಯಂದಿರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಅಂದದ ಮಾತಿಗೆ ಬಂದರೂ ಇದೇ ನ್ಯಾಯ. ಕಲ್ಲು ನಿಲ್ಲಿಸುವುದನ್ನು ಕಲೆಯಾಗಿಸಿದವರು ಜಪಾನೀಯರು. ತೋಟಗಾರಿಕೆಯನ್ನು ಕುರಿತ ಅವರ 11ನೆಯ ಶತಮಾನದ ‘ಸಾಕುತೇಯಿಕಿ’ ಎಂಬ ಗ್ರಂಥವು ಶಿಲಾವಿನ್ಯಾಸದಿಂದಲೇ ಆರಂಭವಾಗುತ್ತದೆ. ಕ್ಯೋತೊ ನಗರದ ರ್‍ಯೋಆಂಜಿ ದೇಗುಲದ ಅಂಗಳದಲ್ಲಿ ಬಿಳಿಯ ಜಲ್ಲಿಯ ಮೇಲೆ ಬರಿಯ 15 ಕಲ್ಲುಗಳಿವೆ. ಜಗಲಿಯಲ್ಲಿ ಎಲ್ಲಿ ಕುಳಿತರೂ ಎಲ್ಲವೂ ಒಮ್ಮೆಗೆ ಕಾಣುವುದಿಲ್ಲ. ಉಳಿದುದೆಲ್ಲ ಬಯಲು. ಆ ಬಯಲನ್ನು ನೋಡುವುದಕ್ಕಾಗಿಯೇ ಲೋಕದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ತೊಟ್ಟಿಯಲ್ಲಿಯೂ ಸಮನಲ್ಲದ ಎರಡು ಗುಡ್ಡೆ, ನಡುವೆ ಓರೆಯಾಗಿ ಹಿಂದಕ್ಕೆ ಸಾಗುವ ಮರಳಿನ ಕಣಿವೆ ಇಷ್ಟಿದ್ದರೆ ಒಂದೂವರೆ ಅಡಿಯ ಅಗಲವೂ ಕಣ್ಣಿಗೆ ಹರದಾರಿಯಾಗಿ ತೋರುತ್ತದೆ.

ಕಲ್ಲು ಎಲ್ಲಿಯದೆಂಬ ಪ್ರಶ್ನೆಯೊಂದು ಉಳಿಯಿತು. ಲೀ ಚಿನ್ ಎಂಗ್ ತನ್ನ ಊರಿನ ಸಮುದ್ರದಿಂದ ತಂದನು, ಆತನು ಒಬ್ಬ. ಬಳಿಕ ಲಕ್ಷಾಂತರ ತೊಟ್ಟಿಗಳಿಗಾಗಿ ದಿಬ್ಬಗಳನ್ನೇ ಒಡೆಯತೊಡಗಿದಾಗ ಲೋಕ ಎಚ್ಚೆತ್ತಿತು. ಅಮೆರಿಕದ ಫ್ಲಾರಿಡಾ ತೀರದಲ್ಲಿ 1990ರ ದಶಕದಲ್ಲಿ ಇದನ್ನು ನಿಲ್ಲಿಸಿ, ನೆಲದ ಗಣಿಯ ಸುಣ್ಣಕಲ್ಲನ್ನು ಸಮುದ್ರಕ್ಕೆ ಇಳಿಸಿ, ಜೀವ ಹತ್ತಿದ ಮೇಲೆ ತೆಗೆಯುವ ಪದ್ಧತಿಯನ್ನು ತಂದರು. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ, ಎಂದರೆ ಹುಲಿಯ ಪಂಕ್ತಿಗೆ ಸೇರಿಸಲಾಯಿತು. ಲಕ್ಷದ್ವೀಪದಿಂದಾಗಲಿ, ಮುರ್ಡೇಶ್ವರದೆದುರಿನ ನಮ್ಮ ನೇತ್ರಾಣಿಯಿಂದಾಗಲಿ ಒಂದು ತುಂಡು ಹವಳವನ್ನು ಒಡೆದು ಚೀಲಕ್ಕೆ ಹಾಕಿಕೊಳ್ಳುವುದು ನೆನಪಿನ ಕಾಣಿಕೆಯಲ್ಲ, ಅಪರಾಧ. ನೀರು ಕಾದು 1998ರಲ್ಲಿಯೂ 2016ರಲ್ಲಿಯೂ ಲೋಕದ ಎಷ್ಟೋ ದಿಬ್ಬಗಳು ಬಿಳಿಚಿ ಸತ್ತಿರುವಾಗ, ಉಳಿದುದರ ಮೇಲೆ ನಾವು ಕೈಯಿಡುವುದು ಸಲ್ಲದು. ನೆಲದ ಸುಣ್ಣಕಲ್ಲು, ಕಾರ್ಖಾನೆಯ ರಂಧ್ರಶಿಲೆ ಇವುಗಳಿಂದಲೇ ಸುಂದರವಾದ ದಿಬ್ಬ ಕಟ್ಟಬಹುದು. ಬ್ಯಾಕ್ಟೀರಿಯ ನೆಲೆಗೊಳ್ಳಲು ಕೆಲವು ವಾರಗಳು ಹಿಡಿಯುತ್ತವೆ, ಕಲ್ಲಿಗೆ ಬಣ್ಣ ಬರಲು ತಿಂಗಳುಗಳು. ತಾಳ್ಮೆಯೊಂದೇ ಅದರ ಬೆಲೆ.

ಆ ತಿಂಗಳುಗಳಲ್ಲಿ ಮನೆಗೆ ಬಂದವರು ತೊಟ್ಟಿಯನ್ನು ನೋಡಿ, “ಇದೇನು, ಬರಿದೇ ಬಿಟ್ಟಿದ್ದೀರಿ?” ಎಂದು ಕೇಳದಿರರು. ಕೇಳಲಿ. ಬರ್ಲಿನ್ನಿನ ಡೀಟ್ರಿಚ್ ಸ್ಟ್ಯೂಬರ್ ಎಂಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದ ಒಂದು ಕವಲುಹವಳದ ತುಣುಕುಗಳು ಗೆಳೆಯರ ಕೈಯಿಂದ ಕೈಗೆ ಸಾಗಿ, ಅಟ್ಲಾಂಟಿಕ್ ಸಾಗರವನ್ನೂ ದಾಟಿ, ಎಷ್ಟೋ ಮನೆಗಳಲ್ಲಿ ಚಿಗುರಿದವು. ಸಮುದ್ರದಿಂದ ಮತ್ತೊಂದನ್ನು ಕೀಳಬೇಕಾಗಲಿಲ್ಲ. ಅದು ಚಾಚಿಕೊಳ್ಳಲು ಆತನು ಮೊದಲು ಎಡೆ ಬಿಟ್ಟಿದ್ದನು.