ಗುಡ್ಡ ಉಳಿಯಿತು, ಗಿಡಗಳೂ ಉಳಿಯಬೇಕು



ಕಳೆದ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಕಪ್ಪತಗುಡ್ಡದ ಬುಡದ ಒಂದು ಹಳ್ಳಿಗೆ ಹೋಗಿದ್ದೆ. ನಾಟಿ ಔಷಧ ಕೊಡುವ ಹಿರಿಯರೊಬ್ಬರು ಜೊತೆಗಿದ್ದರು. ಇಳಿಜಾರಿನಲ್ಲಿ ಕಸ ತುಂಬಿದ ಒಂದು ತಗ್ಗು ತೋರಿಸಿ ಕೇಳಿದರು: "ಗುರುತು ಹತ್ತಿತೇನ್ರಿ ಸಾಹೇಬ್ರ? ನೀವು ರಸ್ತಾಕ್ಕ ಗರಸು ತಗಸಿದ ಜಾಗಾ ಇದು. ಮೂವತ್ತು ವರ್ಷ ಆತು. ಕಾಂಗ್ರೆಸ್ ಕಸ ಬಿಟ್ಟು ಇಲ್ಲಿ ಬ್ಯಾರೆ ಏನೂ ಬಂದಿಲ್ಲ."

ಗುರುತು ಹತ್ತಿತು. ಅಂದಾಜು ಪಟ್ಟಿಯಲ್ಲಿ "ಪಾಳು ಭೂಮಿ, ಕುರುಚಲು, ಮರಗಳಿಲ್ಲ" ಎಂದು ಬರೆದು ಸಹಿ ಮಾಡಿದವನು ನಾನೇ. ನನ್ನ ಲೆಕ್ಕದಲ್ಲಿ ಮರವೆಂದರೆ ಸುತ್ತಳತೆ ಅಳೆಯಲು ಬರುವಂಥದ್ದು. ತಂಗಡಿ, ಬಂದರಿಕೆ, ಕಾರೆ, ತುಂಬೆ, ನೆಲಬೇವು ಇವಕ್ಕೆ ನಮ್ಮ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದಕ್ಕೆ ಬೆಲೆಯೂ ಇರಲಿಲ್ಲ. ಆ ಹಿರಿಯರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಅದಕ್ಕೇ ಇರಬೇಕು, ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಕಪ್ಪತಗುಡ್ಡವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಗದಗ ಜಿಲ್ಲೆಯ ಈ ಗುಡ್ಡಸಾಲನ್ನು 2015ರ ಡಿಸೆಂಬರಿನಲ್ಲಿ ಸರಕಾರ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರ ನವೆಂಬರಿನಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಗಣಿಗಾರಿಕೆಗೆ ಬಾಗಿಲು ತೆರೆಯುತ್ತದೆಂದು ಜನ ಎದ್ದು ನಿಂತರು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ನಡೆದ ಅಹೋರಾತ್ರಿ ಧರಣಿಗೆ ಲಿಂಗೈಕ್ಯ ಪೂಜ್ಯ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳೇ ಮುಂದಾಳು. ಏಪ್ರಿಲ್‌ನಲ್ಲಿ ಸರಕಾರ ಮಣಿಯಿತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ಕಾಣಲು ಪೂಜ್ಯರು ಇರಲಿಲ್ಲ. 2018ರ ಅಕ್ಟೋಬರಿನಲ್ಲಿಯೇ ಲಿಂಗೈಕ್ಯರಾಗಿದ್ದರು. ಒಂದು ಮಠ ತನ್ನ ಆಸ್ತಿಗಾಗಿ ಅಲ್ಲ, ಒಂದು ಗುಡ್ಡಕ್ಕಾಗಿ ಬೀದಿಗಿಳಿದದ್ದು ನಮ್ಮ ಹೆಮ್ಮೆ.

ಆ ಹೆಮ್ಮೆಯಲ್ಲೇ ನಾವು ಮೈಮರೆತಿದ್ದೇವೆಯೇ ಎಂಬುದು ಈಗ ನನ್ನನ್ನು ಕಾಡುವ ಪ್ರಶ್ನೆ. ಗುಡ್ಡದ ಗಡಿಯನ್ನು ಆದೇಶ ಕಾಯಬಹುದು. ಗಡಿಯ ಒಳಗಿನ ಗಿಡಗಳನ್ನು ಕಾಯಲು ಆದೇಶವೊಂದೇ ಸಾಲದು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಸಾವಿರ ಮೀಟರ್ ಎತ್ತರಕ್ಕೆ ಹೋದಂತೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ತಾಪಮಾನ ಈಗ ಒಂದು ಡಿಗ್ರಿಗೂ ಹೆಚ್ಚು ಏರಿದೆ. ಅಂದರೆ ಒಂದು ಗಿಡ ತನಗೆ ಒಗ್ಗಿದ ತಂಪಿನಲ್ಲಿಯೇ ಉಳಿಯಬೇಕಾದರೆ ಅದರ ಸಂತತಿ ಸುಮಾರು 150 ಮೀಟರ್ ಮೇಲಕ್ಕೆ ಹೋಗಬೇಕು. ಹಿಮಾಲಯದಲ್ಲಿ ಮೇಲೆ ಹೋಗಲು ಜಾಗವಿದೆ. ಕಪ್ಪತಗುಡ್ಡ ಸುತ್ತಲಿನ ಬಯಲಿಗಿಂತ ಕೆಲವು ನೂರು ಮೀಟರ್ ಮಾತ್ರ ಎತ್ತರ. ತುದಿ ಮುಟ್ಟಿದ ಗಿಡ ಮುಂದೆಲ್ಲಿಗೆ ಹೋಗಬೇಕು? ಸುತ್ತ ಉತ್ತ ಎರಿಹೊಲ, ಡಾಂಬರು ರಸ್ತೆ, ಊರು. ಬೀಜ ಹಾರಿ ಬಿದ್ದರೂ ಬೇರೂರಲು ನೆಲವಿಲ್ಲ.

ಮಳೆಯದೂ ಇದೇ ಕಥೆ. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಒಟ್ಟು ಮೊತ್ತ ಅಷ್ಟೇ ಇದ್ದರೂ ಅದು ನಾಲ್ಕಾರು ದಿನಗಳಲ್ಲಿ ಸುರಿದರೆ ಬೇರೆ, ನಲವತ್ತು ದಿನ ಹನಿದರೆ ಬೇರೆ. ಸುರಿದ ಮಳೆ ಇಳಿಜಾರಿನ ತೆಳುಮಣ್ಣನ್ನು ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಮೊದಲ ಮಳೆಗೆ ಮೊಳೆತ ಸಸಿ ಮುಂದಿನ ಮೂರು ವಾರದ ಬಿಸಿಲಿಗೆ ಸಾಯುತ್ತದೆ. ಬೇರು ಆಳಕ್ಕಿಳಿಸಿದ ಬಳ್ಳಾರಿ ಜಾಲಿ ಮಾತ್ರ ಹಸಿರಾಗಿ ನಿಂತಿರುತ್ತದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು ಈಗ 420 ದಾಟಿದೆ. ಅದರ ಲಾಭವೂ ಎಲ್ಲ ಸಸ್ಯಗಳಿಗೆ ಸಮನಾಗಿ ಸಿಗುವುದಿಲ್ಲ; ನಮ್ಮ ಬಯಲು ಹುಲ್ಲುಗಳಿಗಿಂತ ಕಂಟಿ ಪೊದೆಗಳಿಗೆ ಹೆಚ್ಚು.

ಹಾಗಾದರೆ ಎಲ್ಲ ತಪ್ಪನ್ನೂ ಹವಾಮಾನದ ಮೇಲೆ ಹಾಕಿ ಕೈತೊಳೆದುಕೊಳ್ಳೋಣವೇ? ಜೀವವೈವಿಧ್ಯವನ್ನು ಕುರಿತು ವಿಶ್ವದ ವಿಜ್ಞಾನಿಗಳು ಸೇರಿ 2019ರಲ್ಲಿ ಕೊಟ್ಟ ವರದಿ ಸುಮಾರು ಹತ್ತು ಲಕ್ಷ ಜೀವಪ್ರಭೇದಗಳು ಅಳಿವಿನ ಅಂಚಿನತ್ತ ಸಾಗಿವೆ ಎಂದಿತು. ಅದು ಗುರುತಿಸಿದ ಕಾರಣಗಳಲ್ಲಿ ಮೊದಲನೆಯದು ನೆಲ ಮತ್ತು ಸಮುದ್ರದ ಬಳಕೆ ಬದಲಾದದ್ದು. ಎರಡನೆಯದು ಜೀವಿಗಳನ್ನೇ ಅತಿಯಾಗಿ ಕಿತ್ತು ಬಳಸಿದ್ದು. ಹವಾಮಾನ ಬದಲಾವಣೆ ಮೂರನೆಯದು. ಆಮೇಲೆ ಮಾಲಿನ್ಯ, ಹೊರಗಿನಿಂದ ಬಂದ ಕಳೆ. ಮೊದಲಿನ ಎರಡೂ ನಮ್ಮ ಕೈಗಳ ಕೆಲಸ.

ಗರಸಿನ ತಗ್ಗು ನನ್ನ ಕೆಲಸ. ಬೇಸಿಗೆಯಲ್ಲಿ ಗುಡ್ಡಕ್ಕೆ ಇಡುವ ಬೆಂಕಿ ಇನ್ನಾರದೋ ಕೆಲಸ. ಒಮ್ಮೆ ಬಿದ್ದ ಬೆಂಕಿಯನ್ನು ಹುಲ್ಲು ತಡೆದೀತು. ವರ್ಷವರ್ಷವೂ ಬಿದ್ದರೆ ಎಳೆಯ ದಿಂಡಲ, ಎಳೆಯ ಕಮರ ಮೇಲೇಳುವುದೇ ಇಲ್ಲ. ಒಣಗುಡ್ಡಗಳ ಬಂಡೆಸಂದಿಯಲ್ಲಿ ಬೆಳೆಯುವ ಮಾಗಳಿ ಬೇರನ್ನು ಉಪ್ಪಿನಕಾಯಿಗೆಂದು ಬೀಜ ಕಟ್ಟುವ ಮೊದಲೇ ಅಗೆಯುತ್ತಾರೆ. ಬೇರು ಹೋದರೆ ಬಳ್ಳಿಯೂ ಹೋಯಿತು. ಗುಡ್ಡದ ನೆತ್ತಿಯ ಗಾಳಿಯಂತ್ರಗಳನ್ನೂ ನೋಡಿ. ಕಲ್ಲಿದ್ದಲು ಸುಡದೆ ವಿದ್ಯುತ್ ಬರುತ್ತದೆ, ಒಳ್ಳೆಯದೇ. ಆದರೆ ಒಂದೊಂದು ಯಂತ್ರ ಏರಿಸಲು ಭಾರೀ ಕ್ರೇನ್ ಹೋಗುವಷ್ಟು ಅಗಲದ ದಾರಿ ಕಡಿಯಬೇಕು. ಕಡಿದ ದಾರಿಯ ಎರಡೂ ಅಂಚಿಗೆ ಕಳೆ ಏರುತ್ತದೆ. ಪವನ ವಿದ್ಯುತ್ ಬೇಡವೆಂದು ನಾನು ಹೇಳುವುದಿಲ್ಲ. ಗುಡ್ಡದ ನೆತ್ತಿ ಬಿಟ್ಟು ಬಯಲಿನಲ್ಲಿಯೂ ಗಾಳಿ ಬೀಸುತ್ತದೆ ಎಂದಷ್ಟೇ ಹೇಳುತ್ತೇನೆ.

ಹವಾಮಾನ ಮತ್ತು ಮನುಷ್ಯ, ಇವೆರಡನ್ನು ಬೇರೆಬೇರೆಯಾಗಿ ನೋಡಬಾರದು ಎಂಬುದು ನನ್ನ ಮಾತಿನ ಸಾರ. ಬಿರುಕು ಬಿಟ್ಟ ಒಡ್ಡು ಸಣ್ಣ ಪ್ರವಾಹಕ್ಕೂ ಒಡೆಯುತ್ತದೆ. ಗಟ್ಟಿ ಒಡ್ಡು ದೊಡ್ಡದನ್ನೂ ತಡೆಯುತ್ತದೆ. ಏರುವ ಬಿಸಿಯನ್ನು ಗದಗಿನ ಜನ ಮಾತ್ರ ನಿಲ್ಲಿಸಲಾರರು. ಗುಡ್ಡಕ್ಕೆ ಬಿರುಕು ಬೀಳದಂತೆ ನೋಡಿಕೊಳ್ಳುವುದು ಮಾತ್ರ ಗದಗಿನವರಿಂದಲೇ ಆಗಬೇಕು.

ಇನ್ನು ನಮ್ಮ ಮಠಗಳ ಮಾತು. ಸ್ವಲ್ಪ ಕಟುವಾದರೂ ಪೂಜ್ಯರು ಮನ್ನಿಸಬೇಕು. ವರ್ಷವರ್ಷ ವನಮಹೋತ್ಸವ ಮಾಡುತ್ತೇವೆ. ನೆಡುವುದು ಗುಲ್‌ಮೊಹರ್, ಅಕೇಶಿಯಾ. ಫೋಟೋ ತೆಗೆದ ಮೇಲೆ ನೀರುಣಿಸುವವರಿಲ್ಲ. ಗಿಡ ನೆಡಲೆಂದು ಜೆಸಿಬಿ ತಂದು, ಮೊದಲೇ ಇದ್ದ ತಂಗಡಿ, ಕಾರೆ ಕಂಟಿಗಳನ್ನು ಬಳಿದು ಹಾಕುತ್ತೇವೆ. ಇದು ನನ್ನ ಅಂದಾಜು ಪಟ್ಟಿಯ ತಪ್ಪೇ. ಸಹಿ ಮಾತ್ರ ಬೇರೆಯವರದು.

ನಾಲ್ಕು ಬಿನ್ನಹಗಳು. ಪ್ರತಿ ಮಠವೂ ತನ್ನ ಜಮೀನಿನಲ್ಲಿ ಏನೇನು ಗಿಡವಿದೆ ಎಂದು ಊರಿನ ಹಿರಿಯರನ್ನೂ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರನ್ನೂ ಕರೆಸಿ ಪಟ್ಟಿ ಮಾಡಿಸಲಿ. ನೆಡುವುದಾದರೆ ಹತ್ತಿರದ ಅಡವಿಯ ಬೀಜದಿಂದ ಬೆಳೆಸಿದ ಸಸಿಯನ್ನೇ ನೆಡಲಿ; ಹುಲ್ಲು, ಕಂಟಿ ಇರುವ ಕಡೆ ಗುಂಡಿ ತೋಡದಿರಲಿ. ಲಿಂಗಪೂಜೆಯ ಬಿಲ್ವಪತ್ರೆಗೆ ಗುಡ್ಡದ ಟೊಂಗೆ ಮುರಿಯುವುದನ್ನು ಬಿಟ್ಟು ಮಠದ ಅಂಗಳದಲ್ಲಿ ಬಿಲ್ವ ಬೆಳೆಸಲಿ. ನಾಲ್ಕನೆಯದು, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಇಲ್ಲವೆಂದರೆ ಬರೆಸಿ. ಇದ್ದರೆ, ಅದರಲ್ಲಿರುವುದು ಇನ್ನೂ ನೆಲದ ಮೇಲಿದೆಯೇ ನೋಡಿ.

ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಷ್ಟೇ ಅಲ್ಲ. ಬೇಕಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳದಿರುವುದೂ ದಾಸೋಹವೇ. ನಾನು ಈ ಮಳೆಗಾಲದಲ್ಲಿ ಆ ಹಿರಿಯರೊಂದಿಗೆ ಗರಸಿನ ತಗ್ಗಿಗೆ ಹೋಗಲಿದ್ದೇನೆ. ಮೊದಲು ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆ ಕೀಳಬೇಕು, ಅಂಚಿಗೆ ಕಲ್ಲಿನ ಸಣ್ಣ ಒಡ್ಡು ಹಾಕಿ ಮಣ್ಣು ನಿಲ್ಲಿಸಬೇಕು, ಆಮೇಲೆ ತಂಗಡಿ ಬೀಜ ಚೆಲ್ಲಬೇಕು ಎಂದು ಅವರು ಹೇಳಿದ್ದಾರೆ. ಒಡ್ಡು ಹಾಕುವುದು ನನಗೆ ಗೊತ್ತು. ಉಳಿದದ್ದನ್ನು ಅವರಿಂದ ಕಲಿಯುತ್ತೇನೆ. ಬರುವವರು ಬನ್ನಿ.